ಮರೆತವರಿಗೂ ಒಂದು ಬೆಂಚು: ಡಿಮೆನ್ಷಿಯಾ ಮತ್ತು ನಮ್ಮ ಸಾರ್ವಜನಿಕ ಗ್ರಂಥಾಲಯ

ನನ್ನ ಸೋದರಮಾವ ಮೂರು ದಶಕ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ದಿನವೂ ಬೆಳಗ್ಗೆ ಬಡಾವಣೆಯ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಬಾಗಿಲ ಬಳಿಯ ವಹಿಯಲ್ಲಿ ಹೆಸರು ಬರೆದು, ಕಿಟಕಿ ಪಕ್ಕದ ಬೆಂಚಿನಲ್ಲಿ ಕುಳಿತು, ನಾಲ್ಕು ಪತ್ರಿಕೆ ಓದಿ ಬರುವುದು ಅವರ ಪರಿಪಾಠ. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಒಂದು ದಿನ ವಹಿಯ ಮುಂದೆ ಪೆನ್ನು ಹಿಡಿದು ನಿಂತವರಿಗೆ ಅಂದಿನ ತಾರೀಖು ಹೊಳೆಯಲಿಲ್ಲ. ಹಿಂದೆ ನಿಂತಿದ್ದ ಹುಡುಗ ‘ಬೇಗ ಬರೆಯಿರಿ ತಾತ’ ಎಂದ. ಮಾವ ಪೆನ್ನು ಕೆಳಗಿಟ್ಟು ಮನೆಗೆ ಬಂದುಬಿಟ್ಟರು. ಆಮೇಲೆ ಗ್ರಂಥಾಲಯದ ಮಾತೆತ್ತಿದರೆ ‘ಕಣ್ಣು ಮಂಜಾಗಿದೆ’ ಎನ್ನುತ್ತಿದ್ದರು. ಕಣ್ಣು ತೋರಿಸಿದೆವು. ಕಣ್ಣು ಚೆನ್ನಾಗಿಯೇ ಇತ್ತು. ಕೆಲವು ತಿಂಗಳ ನಂತರ ನರರೋಗ ತಜ್ಞರು ಡಿಮೆನ್ಷಿಯಾ ಎಂದರು.

ಇದು ನಮ್ಮೊಂದು ಮನೆಯ ಸುದ್ದಿಯಾಗಿ ಉಳಿದಿಲ್ಲ. ದೇಶದಾದ್ಯಂತ ಹಿರಿಯರನ್ನು ಪರೀಕ್ಷಿಸಿ ನಡೆಸಿದ ಅಧ್ಯಯನವೊಂದರ ಅಂದಾಜು 2023ರಲ್ಲಿ ಪ್ರಕಟವಾಯಿತು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬುದು ಅದರ ಲೆಕ್ಕ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದರ ಪ್ರಮಾಣ ಹೆಚ್ಚು. ಇವರಲ್ಲಿ ಬಹುಪಾಲು ಜನ ಇರುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಕಾಯಿಲೆಯ ಮೊದಲ ವರ್ಷಗಳಲ್ಲಿ ಅವರಿಗೆ ನಡೆದಾಡುವ ಶಕ್ತಿ ಇರುತ್ತದೆ, ನಾಲ್ಕು ಜನರ ನಡುವೆ ಕೂರುವ ಆಸೆ ಇರುತ್ತದೆ. ಹೋಗುವ ಜಾಗಗಳು ಮಾತ್ರ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಗ್ರಂಥಾಲಯ ಆ ಸಾಲಿಗೆ ಸೇರದಂತೆ ನೋಡಿಕೊಳ್ಳಬಹುದು. ಅದು ಹೇಗೆಂದು ತಿಳಿಯಲು ಮೊದಲು ಈ ಕಾಯಿಲೆ ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು.

ಅರಳುಮರಳು ಎಂಬ ಹಳೆಯ ಮಾತು

‘ಅರವತ್ತಕ್ಕೆ ಅರಳುಮರಳು’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ವಯಸ್ಸಾದ ಎಲ್ಲರಿಗೂ ಬುದ್ಧಿ ಮಸುಕಾಗುವುದು ಸಹಜ ಎಂಬ ನಂಬಿಕೆ ಈ ಮಾತಿನೊಳಗೆ ಅಡಗಿದೆ. ಅದು ಸರಿಯಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಿತರ ಹೆಸರು ನಾಲಿಗೆ ತುದಿಯಲ್ಲೇ ನಿಲ್ಲುವುದು ವಯಸ್ಸಿನ ಮರೆವು. ಸ್ವಲ್ಪ ಹೊತ್ತಿಗೆ ನೆನಪಾಗುತ್ತದೆ. ಕನ್ನಡಕವನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು ಅದನ್ನು ಯಾರೋ ಕದ್ದರೆಂದು ನಂಬುವುದು, ಮೂವತ್ತು ವರ್ಷ ನಡೆದ ದಾರಿಯಲ್ಲಿ ಮನೆ ಯಾವ ಕಡೆ ಎಂದು ತಿಳಿಯದೆ ನಿಲ್ಲುವುದು ಬೇರೆ ಸಂಗತಿ.

ಡಿಮೆನ್ಷಿಯಾ ಒಂದು ಕಾಯಿಲೆಯ ಹೆಸರಲ್ಲ. ಜ್ವರ ಎಂದ ಹಾಗೆ ಅದೊಂದು ಲಕ್ಷಣಗಳ ಗುಂಪು. ಹಿಂದಿರುವ ಕಾರಣ ಹಲವು. ನೆನಪು, ಮಾತು, ಲೆಕ್ಕ, ದಿಕ್ಕಿನ ಅರಿವು, ತೀರ್ಮಾನ ಮಾಡುವ ಶಕ್ತಿ ಇವೆಲ್ಲ ದಿನದ ಬದುಕು ನಡೆಸಲಾಗದಷ್ಟು ಕುಂದಿದರೆ ವೈದ್ಯರು ಈ ಪದ ಬಳಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇದರಲ್ಲಿ ಶೇ 60ರಿಂದ 70ರಷ್ಟು ಪ್ರಕರಣಗಳಿಗೆ ಆಲ್ಝೈಮರ್ ಕಾಯಿಲೆ ಕಾರಣ. ಮೆದುಳಿನ ರಕ್ತನಾಳಗಳು ಕಟ್ಟಿಕೊಂಡು ಬರುವುದು ಇನ್ನೊಂದು ಬಗೆ. ಕೆಲವು ಬಗೆಗಳಲ್ಲಿ ನೆನಪಿಗಿಂತ ಮೊದಲು ನಡವಳಿಕೆ ಬದಲಾಗುತ್ತದೆ. ಇನ್ನು ಕೆಲವರಲ್ಲಿ ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳೂ ಇದೇ ವೇಷದಲ್ಲಿ ಬರಬಹುದು, ಅವುಗಳಿಗೆ ಚಿಕಿತ್ಸೆ ಇದೆ. ಹಾಗಾಗಿ ‘ವಯಸ್ಸಾಯಿತು, ಬಿಡಿ’ ಎನ್ನದೆ ಒಮ್ಮೆ ತಪಾಸಣೆ ಮಾಡಿಸುವುದು ಮುಖ್ಯ.

ಪದಗಳಿಗೆ ಗಾಯ ಮಾಡುವ ಶಕ್ತಿಯೂ ಇದೆ. ಜಪಾನಿನಲ್ಲಿ ಈ ಸ್ಥಿತಿಗೆ ‘ಚಿಹೋ’ ಎನ್ನುತ್ತಿದ್ದರು. ಅದರಲ್ಲಿ ದಡ್ಡತನದ ಅರ್ಥವಿತ್ತು. 2004ರಲ್ಲಿ ಅಲ್ಲಿನ ಸರ್ಕಾರ ಅದನ್ನು ಕೈಬಿಟ್ಟು ‘ನಿಂಚಿಶೋ’, ಅಂದರೆ ಅರಿವಿನ ತೊಂದರೆ ಎಂಬ ಪದವನ್ನು ಜಾರಿಗೆ ತಂದಿತು. ನಮ್ಮಲ್ಲಿ ಮರೆಗುಳಿತನ, ಮರೆವಿನ ಕಾಯಿಲೆ ಎಂಬ ಮಾತುಗಳಿವೆ. ಅವುಗಳನ್ನು ಬಳಸಬಹುದು. ಅರಳುಮರಳು ಎಂಬುದನ್ನು ಆ ವ್ಯಕ್ತಿಯ ಕಿವಿಗೆ ಬೀಳುವಂತೆ ಆಡದಿದ್ದರೆ ಒಳ್ಳೆಯದು.

ದಾಖಲೆಯಾಗದ ಹೊಸ ಪುಸ್ತಕಗಳು

ನೆನಪು ಹೇಗೆ ಹೋಗುತ್ತದೆ ಎಂಬುದನ್ನು ಗ್ರಂಥಾಲಯದ ಕೆಲಸವನ್ನೇ ಇಟ್ಟುಕೊಂಡು ಹೇಳಬಹುದು. ಹೊಸ ಪುಸ್ತಕದ ಕಟ್ಟು ಬಂದಾಗ ಸಿಬ್ಬಂದಿ ಅದಕ್ಕೊಂದು ಸಂಖ್ಯೆ ಕೊಟ್ಟು, ದಾಖಲೆ ಪುಸ್ತಕದಲ್ಲಿ ಬರೆದು, ಸರಿಯಾದ ಕಪಾಟಿಗೆ ಸೇರಿಸುತ್ತಾರೆ. ನಮ್ಮ ಮೆದುಳಿನಲ್ಲಿ ಈ ಕೆಲಸ ಮಾಡುವುದು ಹಿಪ್ಪೊಕ್ಯಾಂಪಸ್ ಎಂಬ ಪುಟ್ಟ ಭಾಗ. ಆಲ್ಝೈಮರ್ ಮೊದಮೊದಲು ಹಾನಿ ಮಾಡುವ ಜಾಗಗಳಲ್ಲಿ ಅದೂ ಒಂದು. ಆಗ ಪುಸ್ತಕ ಬರುತ್ತದೆ, ಮೇಜಿನ ಮೇಲೆ ಕ್ಷಣಕಾಲ ಇರುತ್ತದೆ, ದಾಖಲಾಗದೆ ಕಳೆದುಹೋಗುತ್ತದೆ. ಬೆಳಗಿನ ತಿಂಡಿ ಏನು, ಈಗಷ್ಟೇ ಕೇಳಿದ ಪ್ರಶ್ನೆ ಯಾವುದು ಎಂಬುದು ಉಳಿಯದಿರುವುದು ಹೀಗೆ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವವರು ನಮ್ಮನ್ನು ಕಾಡಲು ಹಾಗೆ ಮಾಡುತ್ತಿಲ್ಲ. ಅವರ ಪಾಲಿಗೆ ಅದು ಪ್ರತಿ ಸಲವೂ ಮೊದಲ ಸಲ.

ಆದರೆ ದಶಕಗಳ ಹಿಂದೆ ಕಪಾಟು ಸೇರಿದ ಪುಸ್ತಕಗಳು ಬಹುಕಾಲ ಅಲ್ಲೇ ಇರುತ್ತವೆ. ಬಾಲ್ಯದ ಮಗ್ಗಿ, ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದ್ಯ, ಸೋಬಾನೆ ಹಾಡು, ರಂಗೋಲಿ ಎಳೆಯುವ ಕೈ, ಪತ್ರಿಕೆ ಮಡಚುವ ರೀತಿ. ಜೊತೆಗೆ ಭಾವನೆ. ಯಾರು ಏನೆಂದರು ಎಂಬುದು ಮರೆತುಹೋದರೂ ಅವಮಾನವಾಯಿತು ಎಂಬ ಭಾವ ಉಳಿದುಕೊಳ್ಳುತ್ತದೆ. ‘ಬೇಗ ಬರೆಯಿರಿ’ ಎಂದ ಹುಡುಗನ ಮುಖ ಮಾವನಿಗೆ ಮರುದಿನವೇ ನೆನಪಿರಲಿಲ್ಲ. ಗ್ರಂಥಾಲಯವೆಂದರೆ ಮುದುಡಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ಗ್ರಂಥಾಲಯ ಏನು ಮಾಡಬೇಕು ಎಂಬುದರ ತಳಹದಿ ಇದೇ. ಕಳೆದುಹೋಗಿರುವ ಶಕ್ತಿಯನ್ನು ಬೇಡುವ ಸಂದರ್ಭಗಳನ್ನು ಕಡಿಮೆ ಮಾಡುವುದು, ಉಳಿದಿರುವುದಕ್ಕೆ ಕೆಲಸ ಕೊಡುವುದು.

ಗ್ರಂಥಾಲಯವೇ ಏಕೆ?

ಹೋಟೆಲಿನಲ್ಲಿ ಏನಾದರೂ ಕೊಳ್ಳಬೇಕು. ಆಸ್ಪತ್ರೆಗೆ ಹೋದರೆ ರೋಗಿಯಾಗಬೇಕು. ಏನೂ ಕೊಳ್ಳದೆ, ಕಾರಣ ಹೇಳದೆ, ಒಂದು ಗಂಟೆ ಗೌರವದಿಂದ ಕೂರಬಹುದಾದ ಸೂರು ಗ್ರಂಥಾಲಯ. ಅಲ್ಲಿ ಅವರು ಓದುಗರು. ಕರ್ನಾಟಕದಲ್ಲಿ 1965ರ ಕಾಯ್ದೆಯ ಅಡಿಯಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಜಾಲವಿದೆ. ನಗರಗಳಲ್ಲಿ ಆಸ್ತಿ ತೆರಿಗೆಯ ಜೊತೆಗೆ ನಾವು ಕಟ್ಟುವ ಗ್ರಂಥಾಲಯ ಕರವೇ ಅದಕ್ಕೆ ಆಧಾರ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿ, 5,000ಕ್ಕೂ ಹೆಚ್ಚು ಊರುಗಳನ್ನು ಮುಟ್ಟಿವೆ. ಡಿಮೆನ್ಷಿಯಾ ಆರೈಕೆ ಕೇಂದ್ರಗಳು ಕೆಲವೇ ನಗರಗಳಲ್ಲಿರುವಾಗ ಇಷ್ಟು ಹತ್ತಿರದ ಬಾಗಿಲು ಇನ್ನೊಂದಿಲ್ಲ.

ಇದು ಹೊಸದಾಗಿ ಹೊಳೆದ ಯೋಚನೆಯೂ ಅಲ್ಲ. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ, ಡಿಮೆನ್ಷಿಯಾ ಇರುವವರಿಗೆ ಸೇವೆ ನೀಡುವ ಬಗ್ಗೆ 2007ರಲ್ಲೇ ಮಾರ್ಗಸೂಚಿ ಹೊರತಂದಿತು. ಇಂಗ್ಲೆಂಡಿನ ಸಾರ್ವಜನಿಕ ಗ್ರಂಥಾಲಯಗಳು 2015ರಿಂದ ಡಿಮೆನ್ಷಿಯಾ ಕುರಿತು ತಜ್ಞರು ಆಯ್ದ ಪುಸ್ತಕಗಳ ಪಟ್ಟಿಯೊಂದನ್ನು ಇಟ್ಟಿವೆ. ವೈದ್ಯರೇ ಅವುಗಳನ್ನು ಓದಲು ಸೂಚಿಸಬಹುದು. ನಮ್ಮವರೇ ಆದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಎರಡನೆಯದು ‘ಪ್ರತಿ ಓದುಗನಿಗೂ ಅವನ ಪುಸ್ತಕ’. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಆ ಸೂತ್ರದಲ್ಲಿ ಓದುಗನ ನೆನಪಿನ ಶಕ್ತಿಯ ಬಗ್ಗೆ ಯಾವ ಷರತ್ತೂ ಇಲ್ಲ.

ಬಾಗಿಲಿನಿಂದ ಬೆಂಚಿನವರೆಗೆ

ಡಿಮೆನ್ಷಿಯಾ ಕಣ್ಣಿಗಿಂತ ಹೆಚ್ಚಾಗಿ ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಶಕ್ತಿಯನ್ನು ಬಾಧಿಸುತ್ತದೆ. ಬಾಗಿಲಲ್ಲಿ ಹಾಸಿದ ಕಪ್ಪು ಕಾಲೊರಸು ಅವರಿಗೆ ಹಳ್ಳದಂತೆ ಕಾಣಬಹುದು. ದಾಟಲು ಹೆದರಿ ಅಲ್ಲೇ ನಿಲ್ಲುತ್ತಾರೆ. ನೋಡುವವರಿಗೆ ಹಠ ಎನಿಸುತ್ತದೆ. ಹೊಳೆಯುವ ನೆಲ ನೀರು ಚೆಲ್ಲಿದಂತೆ ತೋರುತ್ತದೆ. ಬಿಳಿ ಗೋಡೆಗೆ ಬಿಳಿ ಬಾಗಿಲಿದ್ದರೆ ಬಾಗಿಲೇ ಕಾಣದು. ಕಾಲೊರಸನ್ನು ನೆಲದ ಬಣ್ಣಕ್ಕೆ ಹೊಂದುವಂತೆ ಬದಲಿಸುವುದು, ಶೌಚಾಲಯದ ಬಾಗಿಲಿಗೆ ಗೋಡೆಗಿಂತ ಎದ್ದು ಕಾಣುವ ಬಣ್ಣ ಬಳಿಯುವುದು, ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ ಎಳೆಯುವುದು ದೊಡ್ಡ ಖರ್ಚಿನ ಕೆಲಸಗಳಲ್ಲ.

ಫಲಕಗಳಲ್ಲಿ ಪದದ ಜೊತೆ ಚಿತ್ರವೂ ಇರಲಿ. ‘ಪರಾಮರ್ಶನ ವಿಭಾಗ’ ಎಂಬ ಮಾತು ಎಷ್ಟು ಜನರಿಗೆ ಅರ್ಥವಾದೀತು? ‘ಪತ್ರಿಕೆ ಓದುವ ಜಾಗ’, ‘ಶೌಚಾಲಯ’, ‘ಹೊರಗೆ ಹೋಗುವ ದಾರಿ’ ಎಂದು ಕಣ್ಣಿನ ಮಟ್ಟದಲ್ಲಿ ದೊಡ್ಡಕ್ಷರದಲ್ಲಿ ಬರೆದರೆ ಎಲ್ಲರಿಗೂ ಅನುಕೂಲ. ಹೊರದಾರಿಯ ಫಲಕ ಒಳಗಿನಿಂದ ಕಾಣುವುದು ಇಲ್ಲಿ ವಿಶೇಷವಾಗಿ ಮುಖ್ಯ. ದಾರಿ ತಿಳಿಯದ ಭಯದಲ್ಲೇ ಎಷ್ಟೋ ಜನ ಒಳಗೆ ಬರಲು ಹಿಂಜರಿಯುತ್ತಾರೆ. ಇನ್ನು ಕುರ್ಚಿ: ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯಿಂದ ಏಳುವುದು ವಯಸ್ಸಾದವರಿಗೆ ಕಷ್ಟ. ಕೈಗಳಿರುವ ನಾಲ್ಕು ಗಟ್ಟಿ ಕುರ್ಚಿಗಳನ್ನು ಕಿಟಕಿ ಬೆಳಕಿಗೆ ಇಟ್ಟು, ಮಿಣುಕುವ ಟ್ಯೂಬ್‌ಲೈಟನ್ನು ಬದಲಿಸಿ.

ಒಮ್ಮೆ ಹೀಗೆ ಸಜ್ಜು ಮಾಡಿದ ಮೇಲೆ ಕಪಾಟುಗಳನ್ನು ಮತ್ತೆ ಮತ್ತೆ ಸ್ಥಳಾಂತರಿಸಬಾರದು. ಹೊಸ ದಾರಿ ಕಲಿಯುವ ಶಕ್ತಿ ಕುಂದಿದವರಿಗೆ ಹಳೆಯ ದಾರಿಯೇ ಆಸರೆ. ನಿನ್ನೆಯ ಬೆಂಚು ಇಂದೂ ಅಲ್ಲೇ ಇರಬೇಕು.

‘ನಾನು ಯಾರು ಹೇಳಿ ನೋಡೋಣ’

ಹಿರಿಯರನ್ನು ಕಂಡಾಗ ನಾವು ಪ್ರೀತಿಯಿಂದಲೇ ಕೇಳುವ ಪ್ರಶ್ನೆ ಇದು. ಡಿಮೆನ್ಷಿಯಾ ಇರುವವರಿಗೆ ಅದು ನಾಲ್ಕು ಜನರ ಮುಂದೆ ಇಟ್ಟ ಪರೀಕ್ಷೆ, ಅದರಲ್ಲೂ ಸೋಲುವುದು ಖಚಿತವಾದ ಪರೀಕ್ಷೆ. ‘ನಮಸ್ಕಾರ ಮೇಷ್ಟ್ರೇ, ನಾನು ಇಲ್ಲಿನ ಗ್ರಂಥಪಾಲಕ. ಬನ್ನಿ, ಪತ್ರಿಕೆ ಬಂದಿದೆ’ ಎಂದರೆ ಅದೇ ಪ್ರೀತಿ, ಪರೀಕ್ಷೆ ಇಲ್ಲ. ಯಾರು, ಎಲ್ಲಿ, ಮುಂದೇನು ಎಂಬ ಮೂರೂ ಉತ್ತರ ಆ ಒಂದು ಮಾತಿನಲ್ಲೇ ಸಿಕ್ಕಿಬಿಡುತ್ತದೆ.

ಸಿಬ್ಬಂದಿ ಕಲಿಯಬೇಕಾದ್ದು ಬಹುಮಟ್ಟಿಗೆ ಈ ಜಾತಿಯದು. ಹಿಂದಿನಿಂದ ಕೂಗದೆ ಎದುರಿಗೆ ಬಂದು ಮಾತನಾಡುವುದು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುವುದು. ಕೇಳಿದ ಮೇಲೆ ಕಾಯುವುದು, ಏಕೆಂದರೆ ಉತ್ತರ ಒಳಗಿಂದ ಬರಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಎರಡನೆಯ ಪ್ರಶ್ನೆ ಹಾಕಿದರೆ ಮೊದಲನೆಯದೂ ಕಳೆದುಹೋಗುತ್ತದೆ. ‘ಯಾವ ಪುಸ್ತಕ ಬೇಕು’ ಎನ್ನುವ ಬದಲು ಎರಡು ಪುಸ್ತಕಗಳನ್ನು ಕೈಯಲ್ಲಿ ಹಿಡಿದು ‘ಇದೋ, ಅದೋ’ ಎಂದು ಕೇಳುವುದು. ಜೊತೆಗೆ ಬಂದ ಮಗನ ಕಡೆ ತಿರುಗಿ ‘ಇವರಿಗೇನು ಬೇಕಂತೆ’ ಎಂದು ವಿಚಾರಿಸದಿರುವುದು. ಎದುರಿಗಿರುವವರನ್ನು ಇಲ್ಲದವರಂತೆ ಕಾಣುವುದಕ್ಕಿಂತ ನೋವು ಬೇರೆ ಇಲ್ಲ.

ಹಾಜರಿ ವಹಿಯ ವಿಷಯ ನನಗೆ ಹತ್ತಿರದ್ದು. ಅಂದಿನ ತಾರೀಖನ್ನು ಮೊದಲೇ ದೊಡ್ಡದಾಗಿ ಬರೆದ ಹಲಗೆಯೊಂದನ್ನು ವಹಿಯ ಪಕ್ಕದಲ್ಲಿಟ್ಟರೆ ಅರ್ಧ ಮುಜುಗರ ಕಳೆಯುತ್ತದೆ. ವಾರ, ತಾರೀಖು, ಇಸವಿ ಮೂರೂ ಇರಲಿ. ತಪ್ಪಿ 1985 ಎಂದು ಬರೆದರೂ ಅದನ್ನು ಅಲ್ಲಿಯೇ ತಿದ್ದಿಸುವ ಅಗತ್ಯವಿಲ್ಲ.

ಕೆಲವು ಸಂದರ್ಭಗಳಿಗೆ ಮೊದಲೇ ತಯಾರಿರಬೇಕು. ಎರವಲು ಪಡೆಯದೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟರೆ ಅದು ಕಳ್ಳತನವಲ್ಲ. ‘ನಾನು ಬರೆದುಕೊಳ್ಳುತ್ತೇನೆ, ಒಂದು ನಿಮಿಷ ಕೊಡಿ’ ಎಂದರೆ ಸಾಕು. ಹಿಂದಿರುಗಿಸಲು ಮರೆತ ಪುಸ್ತಕಕ್ಕೆ ದಂಡ ಹಾಕುವ ಮುನ್ನ ಮನೆಗೊಂದು ಕರೆ ಮಾಡಬಹುದು. ಮನೆಯವರ ಸಂಖ್ಯೆಯನ್ನು ಸದಸ್ಯತ್ವದ ದಾಖಲೆಯಲ್ಲಿ ಬರೆದಿಡಲು ಆ ವ್ಯಕ್ತಿ ತಿಳುವಳಿಕೆಯಿಂದ ಒಪ್ಪುವ ದಿನಗಳಲ್ಲೇ ಕೇಳಿಕೊಳ್ಳಬೇಕು. ದಾರಿ ತಪ್ಪಿ ಬಂದವರು ಗಾಬರಿಯಲ್ಲಿದ್ದರೆ ಕೂರಿಸಿ, ನೀರು ಕೊಟ್ಟು, ಮನೆಗೆ ತಿಳಿಸುವುದು. ಯಾರೂ ಸಿಗದಿದ್ದರೆ 112ಕ್ಕೆ ಕರೆ.

ಇಲ್ಲಿ ಒಂದು ನಿಜವಾದ ಇಕ್ಕಟ್ಟೂ ಇದೆ. ನಮ್ಮ ಓದುವ ಕೋಣೆಗಳನ್ನು ತುಂಬಿರುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಅವರಿಗೆ ಮೌನ ಬೇಕು. ಮರೆವಿನ ಹಿರಿಯರು ಗಟ್ಟಿಯಾಗಿ ಓದಬಹುದು, ಕೇಳಿದ್ದನ್ನೇ ಕೇಳಬಹುದು. ಇಬ್ಬರಿಗೂ ಗ್ರಂಥಾಲಯ ಬೇಕೇ ಬೇಕು. ಪತ್ರಿಕೆ ಓದುವ ಭಾಗವನ್ನು ಬೇರೆ ಮಾಡುವುದು, ವಾರದಲ್ಲಿ ಎರಡು ಬೆಳಗ್ಗೆ ಒಂದೊಂದು ಗಂಟೆಯನ್ನು ‘ಮಾತಿನ ಗಂಟೆ’ ಎಂದು ಮೊದಲೇ ಸಾರುವುದು ಸಾಧ್ಯವಿರುವ ದಾರಿಗಳು. ಆ ಯುವಕರಿಗೆ ಕಾರಣ ತಿಳಿಸಿದರೆ ಅವರೇ ಕೈ ಹಿಡಿದು ಮೆಟ್ಟಿಲು ಹತ್ತಿಸುವುದನ್ನು ನಾನು ಕಂಡಿದ್ದೇನೆ. ‘ಬೇಗ ಬರೆಯಿರಿ’ ಎಂದ ಹುಡುಗನಿಗೂ ಯಾರಾದರೂ ಹೇಳಿದ್ದರೆ ತಾಳುತ್ತಿದ್ದನೇನೋ.

ಯಾವ ಪುಸ್ತಕ?

ಡಿಮೆನ್ಷಿಯಾ ಬಂದೊಡನೆ ಅಕ್ಷರ ಮರೆಯುವುದಿಲ್ಲ. ಸಾಲು ಓದುವ ಶಕ್ತಿ ಅನೇಕರಲ್ಲಿ ತಡವಾಗಿ ಕುಂದುತ್ತದೆ. ಕಷ್ಟವಾಗುವುದು ಕಥೆಯ ಎಳೆಯನ್ನು ಪುಟದಿಂದ ಪುಟಕ್ಕೆ ಹಿಡಿದುಕೊಂಡು ಹೋಗುವುದು. ಕಾದಂಬರಿಯ ಇಪ್ಪತ್ತನೆಯ ಪುಟಕ್ಕೆ ಬರುವಾಗ ಮೊದಲ ಪುಟದ ಪಾತ್ರ ಯಾರೆಂದು ತಿಳಿಯದು. ಹಾಗಾಗಿ ಒಂದು ಪುಟದಲ್ಲಿ ಹುಟ್ಟಿ ಅಲ್ಲೇ ಮುಗಿಯುವ ಬರಹ ಬೇಕು. ಈ ದೃಷ್ಟಿಯಿಂದ ಕನ್ನಡದಷ್ಟು ಶ್ರೀಮಂತ ಭಾಷೆ ವಿರಳ. ವಚನ, ತ್ರಿಪದಿ, ಚುಟುಕ, ಗಾದೆ, ಒಗಟು, ಕೀರ್ತನೆ ಎಲ್ಲವೂ ನಾಲ್ಕಾರು ಸಾಲಿನಲ್ಲಿ ಪೂರ್ಣವಾಗುವಂಥವು. ಬಹಳಷ್ಟು ಹಿರಿಯರ ನಾಲಿಗೆಯ ಮೇಲೆ ಅವು ಮೊದಲೇ ಇವೆ.

ಅಕ್ಷರ ದೊಡ್ಡದಿದ್ದರೆ ಮಾತ್ರ ಸಾಲದು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಷ್ಟು ಇಳಿಯುತ್ತದೆ. ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟ ಮುದ್ರಣವನ್ನೇ ಆರಿಸಬೇಕು. ಚಿತ್ರವಿರುವ ಪುಸ್ತಕ ಒಳ್ಳೆಯದು, ಆದರೆ ಮಕ್ಕಳ ಪುಸ್ತಕವನ್ನು ಕೈಗಿಟ್ಟರೆ ಎಷ್ಟೋ ಜನರಿಗೆ ಅವಮಾನವಾಗುತ್ತದೆ. ದೇವಸ್ಥಾನಗಳು, ಹಳೆಯ ಮೈಸೂರಿನ ಚಿತ್ರಗಳು, ಹಕ್ಕಿಗಳು, ಸೀರೆ ನೇಯ್ಗೆ, ಎತ್ತುಗಳು, ಅಡುಗೆ ಇಂಥ ಸಂಗತಿಗಳ ಚಿತ್ರಸಂಪುಟಗಳು ದೊಡ್ಡವರ ಘನತೆಗೆ ಒಪ್ಪುತ್ತವೆ. ಓದಲು ಬಾರದ ಹಿರಿಯರೂ ನಮ್ಮ ಹಳ್ಳಿಗಳಲ್ಲಿ ಬಹಳ; ಅವರಿಗೆ ಚಿತ್ರ ಮತ್ತು ಧ್ವನಿಯೇ ಪುಸ್ತಕ.

ಸುತ್ತ ಕುಳಿತು

ಹಳೆಯ ವಸ್ತು, ಚಿತ್ರ, ಹಾಡುಗಳ ಮೂಲಕ ನೆನಪುಗಳನ್ನು ಮಾತಿಗೆ ತರುವ ಕೂಟಗಳು ಅನೇಕ ದೇಶಗಳ ಗ್ರಂಥಾಲಯಗಳಲ್ಲಿ ನಡೆಯುತ್ತವೆ. ಇದರಿಂದ ಕಾಯಿಲೆ ಗುಣವಾಗುವುದಿಲ್ಲ. ಆ ಹೊತ್ತಿನ ಸಂತೋಷ ಮತ್ತು ಮಾತು ಹೆಚ್ಚುತ್ತವೆ, ಅಷ್ಟೇ. ಆ ಅಷ್ಟೇ ಎಂಬುದು ಮನೆಯವರಿಗೆ ಎಷ್ಟು ದೊಡ್ಡದೆಂದು ನೋಡಿಕೊಂಡವರಿಗೇ ಗೊತ್ತು.

ನಮ್ಮ ಊರಿನ ಪೆಟ್ಟಿಗೆಯಲ್ಲಿ ಏನಿರಬಹುದು? ಸ್ಲೇಟು ಮತ್ತು ಬಳಪ, ಮಸಿ ಕುಡಿಕೆ, ಪಾವು, ಸೇರು, ಲಾಟೀನು, ಅಂಚೆ ಕಾರ್ಡು, ಹಳೆಯ ನಾಣ್ಯ, ಒಂದು ಚಿಟಿಕೆ ನಶ್ಯದ ಡಬ್ಬಿ. ಕರಾವಳಿಯಲ್ಲಾದರೆ ಬಲೆಯ ತುಂಡು, ಬಯಲುಸೀಮೆಯಲ್ಲಾದರೆ ಕೂರಿಗೆಯ ಬಟ್ಟಲು. ವಸ್ತುವನ್ನು ಕೈಗೆ ಕೊಟ್ಟು ಸುಮ್ಮನಿರಬೇಕು. ‘ಇದೇನು’ ಎಂದು ಕೇಳಿದರೆ ಮತ್ತೆ ಪರೀಕ್ಷೆಯಾಯಿತು. ‘ಇದರಲ್ಲಿ ಅಕ್ಕಿ ಅಳೆಯುತ್ತಿದ್ದರಂತೆ’ ಎಂದು ನಾವೇ ಶುರುಮಾಡಿದರೆ ಮುಂದಿನದು ಅವರಿಂದ ಬರುತ್ತದೆ, ಬಾರದಿದ್ದರೂ ಕೈ ಆ ಪಾವನ್ನು ಸವರುತ್ತಿರುತ್ತದೆ.

‘ಕೈ ಕೆಸರಾದರೆ’ ಎಂದು ನಿಲ್ಲಿಸಿ ನೋಡಿ. ತಮ್ಮ ಮೊಮ್ಮಗಳ ಹೆಸರು ಹೇಳಲಾಗದವರು ‘ಬಾಯಿ ಮೊಸರು’ ಎಂದು ಮುಗಿಸುವುದುಂಟು. ಗಮಕ ವಾಚನ ನಮ್ಮಲ್ಲಿ ಮೊದಲಿನಿಂದಲೂ ಇರುವ ಕಲೆ. ಒಬ್ಬರು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಎಳೆ ಹಿಡಿದುಕೊಳ್ಳುವ ಹೊರೆ ಕೇಳುಗರ ಮೇಲಿಲ್ಲ. ತಿಂಗಳಿಗೊಮ್ಮೆ ಗಮಕಿಗಳನ್ನು ಕರೆದು ನಲವತ್ತು ನಿಮಿಷ ಓದಿಸುವುದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಅದಕ್ಕಿಂತ ಉದ್ದ ಬೇಡ, ದಣಿವಾಗುತ್ತದೆ. ಹೊತ್ತು ಬೆಳಗಿನದಿರಲಿ, ಸಂಜೆಯಾಗುತ್ತ ಹೋದಂತೆ ಕಳವಳ ಹೆಚ್ಚುವುದು ಹಲವರಲ್ಲಿ ಸಾಮಾನ್ಯ.

ಜೊತೆಗೆ ಬಂದವರು

ನೋಡಿಕೊಳ್ಳುವವರು ಸಾಮಾನ್ಯವಾಗಿ ಹೆಂಡತಿ, ಮಗಳು ಅಥವಾ ಸೊಸೆ. ಅವರಿಗೆ ಗ್ರಂಥಾಲಯ ಕೊಡಬಹುದಾದ ಮೊದಲ ವಸ್ತು ಒಂದು ಗಂಟೆ. ಮಾವ ಕೂಟದಲ್ಲಿ ಕುಳಿತಾಗ ಅತ್ತೆ ಪಕ್ಕದ ಕೋಣೆಯಲ್ಲಿ ವಾರಪತ್ರಿಕೆ ತಿರುವಬಹುದು, ತನ್ನಂತೆಯೇ ಇರುವ ಇನ್ನೊಬ್ಬರೊಡನೆ ಮಾತನಾಡಬಹುದು. ಎರಡನೆಯದು ಸರಿಯಾದ ಮಾಹಿತಿ. ಕಾಯಿಲೆಯನ್ನು ಸರಳ ಕನ್ನಡದಲ್ಲಿ ವಿವರಿಸುವ ಪುಸ್ತಕ, ಕರಪತ್ರಗಳನ್ನು ಒಂದೇ ಕಪಾಟಿನಲ್ಲಿ, ಕೇಳದೆಯೇ ಕೈಗೆ ಸಿಗುವ ಜಾಗದಲ್ಲಿ ಇಡಬೇಕು. ಕೇಳಲು ಸಂಕೋಚಪಡುವವರೇ ಹೆಚ್ಚು.

ಆ ಕಪಾಟಿನ ಮೇಲೆ ಅಂಟಿಸಲು ಮೂರು ಸಂಗತಿಗಳಿವೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ನೋಡಿಕೊಂಡು ಸೋತವರೂ ಇದಕ್ಕೆ ಕರೆ ಮಾಡಬಹುದು. ಮತ್ತು ತಪಾಸಣೆಯ ದಾರಿ: ಬೆಂಗಳೂರಿನ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ನಡೆಸುವ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯಗಳು ತೆರೆದಿವೆ. ಹಳ್ಳಿಯ ಅರಿವು ಕೇಂದ್ರಕ್ಕೆ ಆಶಾ ಕಾರ್ಯಕರ್ತೆಯ ಪರಿಚಯವಿದ್ದರೆ ಯಾವ ಮನೆಯಲ್ಲಿ ಯಾರು ಬಾಗಿಲ ಹಿಂದೆ ಕುಳಿತಿದ್ದಾರೆ ಎಂಬುದು ತಿಳಿಯುತ್ತದೆ.

ಕಾಯಿಲೆ ಬಲಿತಂತೆ ಗ್ರಂಥಾಲಯಕ್ಕೆ ಬರುವುದು ನಿಲ್ಲುತ್ತದೆ. ಆಗ ಪುಸ್ತಕ ಮನೆಗೆ ಹೋಗಬೇಕು. ಮಾವನ ಎರವಲು ಚೀಟಿ ಈಗ ಅತ್ತೆಯ ಕೈಯಲ್ಲಿದೆ. ಹದಿನೈದು ದಿನಕ್ಕೊಮ್ಮೆ ಗ್ರಂಥಪಾಲಕರು ಒಂದು ಚಿತ್ರಸಂಪುಟ, ಒಂದು ವಚನಗಳ ಪುಸ್ತಕ ಎತ್ತಿಟ್ಟಿರುತ್ತಾರೆ. ಮಾವ ಮೊದಲ ವಚನವನ್ನು ಗಟ್ಟಿಯಾಗಿ ಓದುತ್ತಾರೆ, ಪುಟ ತಿರುಗಿಸುತ್ತಾರೆ, ಮತ್ತೆ ಹಿಂದಿನ ಪುಟಕ್ಕೆ ಬಂದು ಅದನ್ನೇ ಮೊದಲ ಸಲ ಕಂಡವರಂತೆ ಓದುತ್ತಾರೆ. ಪುಸ್ತಕ ಹಿಂದಿರುಗಿಸುವ ತಾರೀಖನ್ನು ಅತ್ತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.